ಕಬ್ಬಿಣದವರ ಮನೆಗೆ ಬಂದ ಸೈಕಲ್

ಅಂಗಡಿಯವರು ರೋಡ್ ಬೈಕ್ ಎಂದು ಕರೆಯುವ ಆ ಸೈಕಲ್ ಮನೆಗೆ ಬಂದ ದಿನ ಪಪ್ಪಾ ಅದರ ಸುತ್ತ ಮೂರು ಸಲ ತಿರುಗಿದರು. ಭಕ್ತಿಯಿಂದಲ್ಲ, ಅನುಮಾನದಿಂದ. ಕೆಳಕ್ಕೆ ಬಾಗಿದ ಹ್ಯಾಂಡಲ್, ಹೆಬ್ಬೆರಳಿಗಿಂತ ತುಸುವೇ ದಪ್ಪನೆಯ ಟಯರು, ಹಿಂದೆ ಕ್ಯಾರಿಯರ್ ಇಲ್ಲ.

“ಸ್ಟ್ಯಾಂಡ್ ಹಾಕೂದು ಮರತಾರೇನು ಅಂಗಡಿಯವ್ರು?”

“ಇದಕ್ಕ ಸ್ಟ್ಯಾಂಡ್ ಇರೂದಿಲ್ಲ ಪಪ್ಪಾ. ಗ್ವಾಡಿಗೆ ಆನಿಸಿ ಇಡಬೇಕು.”

“ತಾನೇ ನಿಲ್ಲಾಕ ಬರಲಾರದ್ದು ನಿನ್ನ ಹೆಂಗ ನಿಲ್ಲಸ್ತೈತವಾ?”

ಅವರ ಮಾತಿನಲ್ಲಿ ತಮಾಷೆಗಿಂತ ಭಯ ಹೆಚ್ಚಿತ್ತು. ಮರಾಠಿ ನಾಡಿನ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ನಾನು ಹುಟ್ಟುವ ಮೊದಲಿನಿಂದ ಅವರ ಗೋದಾಮಿದೆ. ಉಕ್ಕಿನ ಸುರುಳಿ ಹೊತ್ತ ಟ್ರೇಲರ್, ಬ್ರೇಕ್ ಒತ್ತಿದ ಮೇಲೂ ಎಷ್ಟು ದೂರ ಬರುತ್ತದೆಂದು ಅವರು ಕಣ್ಣಾರೆ ಕಂಡವರು. ಆದ್ದರಿಂದ ಒಂದು ಷರತ್ತು ಹಾಕಿದರು. ಗೀರು ಬೀಳದಿದ್ದರೆ ಎಂಟು ದಿನದೊಳಗೆ ಬೇರೆ ಸೈಕಲ್ ಕೊಡುವುದಾಗಿ ಅಂಗಡಿಯವರು ಹೇಳಿದ್ದರು. ಎಂಟನೆಯ ದಿನ ಪಪ್ಪಾ ಗೇಟಿನ ಬಳಿ ಸುಣ್ಣದ ಗೆರೆ ಎಳೆಯುತ್ತಾರೆ. ನಾನು ಜೋರಾಗಿ ಬಂದು ಅದನ್ನು ದಾಟದಂತೆ ನಿಲ್ಲಿಸಬೇಕು. ದಾಟಿದರೆ ಇದು ವಾಪಸ್, ನೆಟ್ಟನೆ ಹ್ಯಾಂಡಲಿನ, ಸ್ಟ್ಯಾಂಡ್ ಇರುವ ಸೈಕಲ್ ಮನೆಗೆ.

ನನಗೆ ಇದೇ ಬೇಕಿತ್ತು. ಕೆಲಸಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಇಂಥದೇ ಸೈಕಲ್ ಮೇಲೆ ಹೋಗುವ ಒಬ್ಬಳನ್ನು ಆಗಾಗ ನೋಡುತ್ತಿದ್ದೆ. ಅವಳೊಡನೆ ಯಾರೂ ಮಾತಾಡುತ್ತಿರಲಿಲ್ಲ, ಅವಳೂ ಯಾರೊಡನೆಯೂ ಮಾತಾಡಬೇಕಿರಲಿಲ್ಲ. ವಿಜಯಪುರದಿಂದ ಬಂದ ನೆಂಟರು ಪಡಸಾಲೆಯಲ್ಲಿ ಸದಾ ಇರುವ ಮನೆಯಲ್ಲಿ ಬೆಳೆದ ನನಗೆ ಅದು ದೊಡ್ಡ ಸುಖವಾಗಿ ಕಂಡಿತ್ತು.

ಮೊದಲು ಪೂಜೆ. ಅವ್ವ ಆರತಿ, ತೆಂಗಿನಕಾಯಿ, ನಿಂಬೆಹಣ್ಣು ತಂದಳು. ಕುಂಕುಮ ಹಚ್ಚುವುದು ಪಪ್ಪಾ ಅವರ ಪಾಲು. ಗೋದಾಮಿನಲ್ಲಿ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ತಕ್ಕಡಿಯಿಂದ ಕ್ರೇನಿನ ಕೊಕ್ಕೆಯವರೆಗೆ ಎಲ್ಲಕ್ಕೂ ಬೊಟ್ಟಿಡುವವರು ಅವರೇ. ಈಗಲೂ ಹಾಗೆಯೇ ಕಲಸಿ, ಹ್ಯಾಂಡಲಿಗೆ ಬೊಟ್ಟಿಟ್ಟು ಬಗ್ಗಿದವರು ಚಕ್ರದ ನಡುವಿನ ಬ್ರೇಕ್ ಡಿಸ್ಕ್ ಎಂಬ ತೆಳು ತಟ್ಟೆ ನೋಡಿ ನಿಂತರು.

“ಬಣ್ಣಾ ಇಲ್ಲ, ಗ್ರೀಸ್ ಇಲ್ಲ, ಬರೇ ಬತ್ತಲೆ ಕಬ್ಬಿಣ! ಮಳಿಗಾಲಕ್ಕ ಜಂಗ್ ಹಿಡದು ಹೋಗ್ತೈತಿ,” ಎಂದು ಬಟ್ಟಲಲ್ಲಿ ಉಳಿದ ಎಣ್ಣೆಯನ್ನು ಎರಡೂ ಡಿಸ್ಕಿಗೆ, ಎರಡೂ ಬದಿಗೆ, ಹೆಬ್ಬೆರಳಿನಿಂದ ಸವರಿದರು.

ನಾನು ಆರತಿ ತಟ್ಟೆ ಹಿಡಿದು ನೋಡುತ್ತಲೇ ಇದ್ದೆ. ತಪ್ಪೆನಿಸಲಿಲ್ಲ. ನಮ್ಮ ಮನೆಯಲ್ಲಿ ಈಳಿಗೆಗೂ ಎಣ್ಣೆ ಸವರಿಯೇ ಇಡುತ್ತಾರೆ.

ಯಾರೂ ನೋಡಬಾರದೆಂದು ಮರುದಿನ ನಸುಕಿನಲ್ಲೇ ಕಾಂಪೌಂಡಿಗೆ ಇಳಿದೆ. ನಾಲ್ಕು ಸುತ್ತು ಚೆನ್ನಾಗಿಯೇ ಹೋಯಿತು. ಬ್ರೇಕ್ ಒತ್ತಿದೆ. ಸೈಕಲ್ ನಿಲ್ಲಲಿಲ್ಲ, ಆದರೆ ಇಡೀ ಕಟ್ಟಡ ಎಚ್ಚರಗೊಳ್ಳುವಂತೆ ಕೂಗಿತು. ಮೊದಲ ಮಹಡಿಯ ಮರಾಠಿ ಹೆಂಗಸು, ನಮಗೆಲ್ಲ ಕಾಕು, ಕಿಟಕಿ ತೆರೆದು “ಕಾಯ್ ಗ, ಕೋಣ್ ರಡತಯ್?” ಎಂದು, ಅಳುತ್ತಿರುವುದು ಯಾರೆಂದು ವಿಚಾರಿಸಿದರು. ಕಲಬುರಗಿ ಕಡೆಯ ವಾಚ್‌ಮನ್ ಕುರ್ಚಿಯಿಂದ ಎದ್ದ.

“ಅಕ್ಕಾರ, ಎಮ್ಮಿ ಕರಾ ಹುಡುಕಿದಂಗ ಒದರಾಕತ್ತದಲ್ರೀ!”

ಮುಂದಿನ ದಿನಗಳಲ್ಲಿ ಉಳಿದದ್ದೆಲ್ಲ ಬಂತು. ಬೆನ್ನು ಬಗ್ಗಿಸಿ ಕೂರುವುದು, ಬ್ರೇಕಿನ ಹಿಡಿಯಲ್ಲೇ ಇರುವ ಗೇರ್ ಬದಲಿಸುವುದು. ನಾಲ್ಕನೆಯ ದಿನ, ಹ್ಯಾಂಡಲ್ ಅಲುಗಿಸದೆ ಹಿಂತಿರುಗಿ ನೋಡುವುದೂ. ನಿಲ್ಲಿಸುವುದೊಂದು ಬರಲಿಲ್ಲ. ಬ್ರೇಕ್ ಒತ್ತಿದ ಜಾಗಕ್ಕೂ ನಿಂತ ಜಾಗಕ್ಕೂ ಸೀಮೆಸುಣ್ಣದ ಗುರುತು ಹಾಕಿ ಹೆಜ್ಜೆಯಲ್ಲಿ ಅಳೆದೆ. ದಿನವೂ ಹನ್ನೆರಡು. ಅಂಗಡಿಗೆ ಫೋನ್ ಮಾಡಿದರೆ ಹೊಸ ಬ್ರೇಕ್ ಹಾಗೆಯೇ, ಪಳಗಬೇಕು ಎಂದರು. ನನ್ನ ಬೆರಳಿನಲ್ಲೇ ಶಕ್ತಿಯಿಲ್ಲವೆಂದುಕೊಂಡು ಬಸ್ಸಿನಲ್ಲಿ ರಬ್ಬರ್ ಚೆಂಡು ಹಿಸುಕುತ್ತ ಕೂತೆ. ವಾಚ್‌ಮನ್ ಮಾತ್ರ ಬೆಳಿಗ್ಗೆ “ಎಮ್ಮಿ ಬಂತ್ರೀ” ಎಂದು ಗೇಟು ಸರಿಸುತ್ತಿದ್ದ.

ನಾನು ಕೆಲಸ ಮಾಡುವುದು ರಬಾಳೆಯ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ. ಪರೀಕ್ಷೆಗೆ ಬರುವ ಉಕ್ಕಿನ ತಗಡುಗಳಿಗೆ ಜಂಗು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಎಣ್ಣೆಯಿದ್ದರೆ ಬಣ್ಣ ಹಿಡಿಯುವುದಿಲ್ಲ. ಅದನ್ನು ಸ್ಪಿರಿಟ್ಟಿನಿಂದ ಒರೆಸುವುದು ನನ್ನ ದಿನದ ಮೊದಲ ಕೆಲಸ. ಆರನೆಯ ದಿನ ಹಾಗೆ ಒರೆಸುತ್ತಿದ್ದಾಗ ನನ್ನ ಕೈ ನಿಂತಿತು. ಪಪ್ಪಾ ಅವರ ಹೆಬ್ಬೆರಳು ಕಣ್ಣ ಮುಂದೆ ಬಂತು. ಒಬ್ಬಳೇ ನಕ್ಕೆ. ಪಕ್ಕದ ಮೇಜಿನವಳು ಏನೆಂದು ಕೇಳಿದಾಗ ಏನಿಲ್ಲ ಎಂದೆ.

ಸಂಜೆ ಮೆಡಿಕಲ್ ಅಂಗಡಿಯಿಂದ ಸ್ಪಿರಿಟ್ ತಂದು ಡಿಸ್ಕ್ ಒರೆಸಿದೆ. ಆದರೆ ಅದನ್ನು ಹಿಡಿಯುವ ಪ್ಯಾಡುಗಳೂ ಎಣ್ಣೆ ಕುಡಿದಿದ್ದವು, ಅವನ್ನು ಉಜ್ಜಬೇಕಿತ್ತು. ಗೋದಾಮಿಗೆ ಫೋನ್ ಮಾಡಿದೆ.

“ಪಪ್ಪಾ, ಬರೂವಾಗ ಪಾಲಿಶ್ ಪೇಪರ್ ತರ್ತೀರೇನು?”

“ಯಾವ ನಂಬರಿಂದು?” ಮೊದಲ ಪ್ರಶ್ನೆ ಅದು. ಆಮೇಲೆ, “ಯಾತಕ್ಕ?”

“ಬ್ರೇಕಿಗೆ. ಎಣ್ಣಿ ಹತ್ತೇತಿ.”

“ಎಣ್ಣಿ ಯಾರು ಹಚ್ಚಿದ್ರು?”

“ಪೂಜಾದಾಗ...”

ಪಪ್ಪಾ “ಹೂಂ” ಎಂದು ಫೋನ್ ಇಟ್ಟರು.

ಮೂರು ಬೇರೆ ಬೇರೆ ನಂಬರಿನ ಪೇಪರ್ ತಂದರು. ನನ್ನ ಕೈಗೆ ಕೊಡಲಿಲ್ಲ. ನಾನು ಬಿಚ್ಚಿಟ್ಟಿದ್ದ ಪ್ಯಾಡುಗಳನ್ನು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಬಾಗಿಲಲ್ಲೇ ಕೂತು ಉಜ್ಜತೊಡಗಿದರು. ಅವ್ವ ಬಿಡುತ್ತಾಳೆಯೇ?

“ಇಷ್ಟು ವರ್ಷ ಕಬ್ಬಿಣದ ಬಾಜಾರದಾಗ ಕುಂತು ಇದೊಂದು ತಿಳೀಲಿಲ್ಲೇನ್ರೀ?”

“ನಾ ಕಬ್ಬಿಣ ಮಾರ್ತೀನಿ. ಬ್ರೇಕ್ ಮಾರೂದಿಲ್ಲ,” ಎಂದರು, ತಲೆಯೆತ್ತದೆ.

ಏಳನೆಯ ದಿನ ಪಪ್ಪಾ ಕಣ್ಣಿಗೆ ಬೀಳದಂತೆ ನಿಧಾನವಾಗಿ ಬ್ರೇಕ್ ಒತ್ತಿ ಬಿಟ್ಟು ಪಳಗಿಸಿದೆ. ಕೂಗು ದಿನದ ಕೊನೆಗೆ ಗೊಣಗಾಟವಾಯಿತು.

ಎಂಟನೆಯ ದಿನ ಬೆಳಿಗ್ಗೆ ಸುಣ್ಣದ ಗೆರೆ ಬಿತ್ತು. ನೋಡಲು ಅವ್ವ, ಕಿಟಕಿಯಲ್ಲಿ ಕಾಕು, ಗೇಟಿನಲ್ಲಿ ವಾಚ್‌ಮನ್. ನನಗೆ ಬೇಡವಾಗಿದ್ದ ಜನವೆಲ್ಲ ಅಲ್ಲಿತ್ತು. ಕಾಂಪೌಂಡಿನ ತುದಿಯಿಂದ ಜೋರಾಗಿ ಬಂದು ಎರಡೂ ಬ್ರೇಕ್ ಒತ್ತಿದೆ. ಸದ್ದೇ ಇಲ್ಲ. ಮುಂದಿನ ಚಕ್ರ ಗೆರೆಗಿಂತ ಒಂದು ಗೇಣು ಹಿಂದೆ ನಿಂತಿತು.

“ಇವತ್ತ ಎಮ್ಮಿ ಒದರಲೇ ಇಲ್ಲಲ್ರೀ,” ಎಂದ ವಾಚ್‌ಮನ್, ಸ್ವಲ್ಪ ನಿರಾಸೆಯಿಂದಲೇ.

ಪಪ್ಪಾ ನನ್ನ ಮುಖ ನೋಡಲಿಲ್ಲ, ಚಕ್ರ ನೋಡಿದರು. “ಇನ್ನೊಮ್ಮಿ,” ಎಂದರು. ಎರಡನೆಯ ಸಲವೂ ಅಲ್ಲೇ ನಿಂತಿತು. ಅವರು ಚಪ್ಪಲಿಯಿಂದ ಗೆರೆ ಅಳಿಸಿ ಪಕ್ಕಕ್ಕೆ ಸರಿದರು.

“ಟ್ರೇಲರ್ ಬಂದ್ರ ಇಳದು ನಿಲ್ಲಬೇಕು. ತಿಳೀತಿಲ್ಲೋ?”

“ಹೂಂ.”

ಗೇಟು ದಾಟಿ ಸರ್ವಿಸ್ ರಸ್ತೆಗೆ ಬಂದೆ. ತಿರುವಿನಲ್ಲಿ, ನಾಲ್ಕನೆಯ ದಿನ ಕಲಿತಂತೆ, ಹ್ಯಾಂಡಲ್ ಅಲುಗಿಸದೆ ಹಿಂತಿರುಗಿ ನೋಡಿದೆ. ಪಪ್ಪಾ ಗೇಟಿನಲ್ಲೇ ನಿಂತು, ಎಣ್ಣೆಯೇ ಇಲ್ಲದ ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು.