ಕುಸುಮಾವತಿಯವರೂ ಎಂಟು ಕಿಂಡಿಗಳ ಡಬ್ಬಿಯೂ

ಕುಸುಮಾವತಿಯವರನ್ನು ನಾನು ಮೊದಲು ಕಂಡ ದಿನ ಅವರು ಮೇಜಿನ ಮೇಲೆ ನಿಂತಿದ್ದರು. ನಾಸಿಕದಲ್ಲಿ ಅವರ ಭಾವ ದೇವದಾಸರು ನಡೆಸುವ ಹೋಟೆಲಿಗೆ, ಅದೇ ಊರಿನಲ್ಲಿ ಮೇಷ್ಟರಾಗಿದ್ದ ನಾನು ಇಡ್ಲಿ ತಿನ್ನಲೆಂದು ಹೋಗಿದ್ದೆ. ಗಲ್ಲೆಯ ಹಿಂದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆಗೆ ಬಡಿದಿದ್ದ ಪುಟ್ಟ ಡಬ್ಬಿಯೊಂದನ್ನು ಅವರು ಟಾರ್ಚ್ ಹಿಡಿದು ನೋಡುತ್ತಿದ್ದರು. ಡಬ್ಬಿಗೆ ಎಂಟು ಕಿಂಡಿಗಳು. ಕೇಬಲ್ ಚುಚ್ಚಿದ ಕಿಂಡಿಗಳ ಬಳಿ ಹಸಿರು ದೀಪಗಳು ಮಿಣುಕುತ್ತಿದ್ದವು.

"ಅಕ್ಕಾರ, ಇಳೀರಿ ಕೆಳಗ. ಅದೇನು ದೇವರ ಮೂರ್ತಿ ಏನ್ರಿ, ಹಂಗ ನೋಡ್ಲಿಕತ್ತೀರಿ?" ಎಂದು ಕೆಳಗೆ ನಿಂತಿದ್ದ ಶಿವಲಿಂಗ ನಗುತ್ತಿದ್ದ. ಅವನು ಕಲಬುರಗಿ ಕಡೆಯವನು. ಅಂಗಡಿ, ಹೋಟೆಲುಗಳಲ್ಲಿ ಕಂಪ್ಯೂಟರಿನ ಕೇಬಲ್ ಎಳೆಯುವುದು ಅವನ ಕಸುಬು. ಆ ಡಬ್ಬಿಗೂ ಸ್ವಿಚ್ ಎಂದೇ ಹೆಸರು. ದೀಪ ಹಾಕುವ ಸ್ವಿಚ್ ಅಲ್ಲ. ಕಂಪ್ಯೂಟರು, ಪ್ರಿಂಟರುಗಳನ್ನು ಒಂದಕ್ಕೊಂದು ಮಾತನಾಡಿಸುವ ಸ್ವಿಚ್.

"ನೀವು ಇದಕ್ಕೆ ಎಂತದೂ ಹೇಳಿಕೊಡ್ಲೇ ಇಲ್ಲ. ಕೇಬಲ್ ಚುಚ್ಚಿದ್ರಿ, ಕರೆಂಟ್ ಕೊಟ್ರಿ, ಮುಗೀತು. ಅಡುಗೆಮನೆಯ ಪ್ರಿಂಟರ್ ಯಾವ ಕಿಂಡಿಯಲ್ಲಿ ಉಂಟು ಅಂತ ಇದಕ್ಕೆ ಗೊತ್ತಾಗುವುದು ಹೇಗೆ ಮಾರಾಯ್ರೆ?" ಎಂದು ಅವರು ಮೇಲಿನಿಂದಲೇ ಕೇಳಿದರು.

"ತಾನ ಕಲೀತದ್ರಿ. ಯಾವ ಕಿಂಡಿಯಿಂದ ಯಾರು ಮಾತಾಡಿದ್ರು ಅಂತ ನೆನಪಿಟ್ಕೋತದ. ಮುಟ್ಟಿಸಬೇಕಾದವ್ರು ಎಲ್ಲಿದ್ದಾರ ಗೊತ್ತಿಲ್ಲಂದ್ರ, ಮಾತು ಬಂದ ಕಿಂಡಿ ಬಿಟ್ಟು ಉಳಿದ ಎಲ್ಲಾದಕ್ಕೂ ಕಳಸ್ತದ. ಅವ್ರು ಉತ್ತರ ಕೊಟ್ಟರಂದ್ರ ಜಾಗಾ ಗೊತ್ತಾತು. ಮುಂದ ಸೀದಾ ಅಲ್ಲಿಗೇ."

"ಹಾಗಾದ್ರೆ ಇದು ನಮ್ಮ ಹೊಸ ಸಪ್ಲಾಯರ್!" ಎಂದರು ಕುಸುಮಾವತಿಯವರು. "ಮೊದಲ ದಿನ 'ಮಸಾಲೆ ದೋಸೆ ಯಾರಿಗೆ?' ಅಂತ ಹಾಲ್ ಇಡೀ ಕೂಗ್ತಾನೆ. ಕೈ ಎತ್ತಿದವರ ಮೇಜು ನೆನಪಿಟ್ಟುಕೊಂಡು ಆಮೇಲೆ ನೇರ ಹೋಗ್ತಾನೆ."

"ಹಾಂ. ಆ ಮೇಜಿನವ್ರು ಭಾಳ ಹೊತ್ತು ಸುಮ್ನ ಕುಂತ್ರ ಮರೀತಾನ. ಇದೂ ಮರೀತದ."

"ಮರೆಯುವುದರಲ್ಲಿ ನಮ್ಮ ಸಪ್ಲಾಯರೇ ಮುಂದೆ ಬಿಡಿ" ಎನ್ನುತ್ತ ಅವರು ಮೇಜಿನಿಂದ ಇಳಿದರು. ಅರ್ಥವಾಗುವ ತನಕ ಇಳಿಯಬಾರದೆಂದು ಹತ್ತಿದವರಂತೆ ನನಗೆ ಕಂಡಿತು.

ಪತಿ ಶ್ರೀರಾಮರು ತೀರಿಕೊಂಡ ಮೇಲೆ ಅವರು ಗಲ್ಲೆಯಲ್ಲಿ ಕುಳಿತವರು. ಕೆಲವು ವರ್ಷಗಳ ನಂತರ ದೇವದಾಸರು ಸಂಭಾಜಿನಗರದಲ್ಲಿ ಎರಡನೆಯ ಹೋಟೆಲನ್ನು ತೆರೆದಾಗ, ಅದನ್ನು ತಾವು ನಡೆಸುವುದಾಗಿ ಕುಸುಮಾವತಿಯವರೇ ಕೇಳಿಕೊಂಡರು. ದೇವದಾಸರಿಗೆ ಧೈರ್ಯ ಸಾಲಲಿಲ್ಲ. "ದೀಪಾವಳಿವರೆಗೆ ನೋಡುವ ಕುಸುಮ. ಆಗದಿದ್ರೆ ಬೇರೆಯವರಿಗೆ ನಡೆಸ್ಲಿಕ್ಕೆ ಕೊಡುವ" ಎಂದರು. ಅಲ್ಲಿ ಗಿರಾಕಿಗಳು ಕೂರುವ ಹಾಲ್ ಮಹಡಿಯ ಮೇಲೆ, ಅಡುಗೆಮನೆ ಕೆಳಗೆ. ಮೇಲಿನ ಕಂಪ್ಯೂಟರಿನಲ್ಲಿ ಆರ್ಡರ್ ಒತ್ತಿದರೆ ಕೆಳಗಿನ ಪ್ರಿಂಟರಿನಿಂದ ಚೀಟಿ ಬರುವಂತೆ ಕುಸುಮಾವತಿಯವರು ಹಟ ಹಿಡಿದು ಶಿವಲಿಂಗನಿಂದ ಮೇಲಿನ ಗೋಡೆಗೆ ಅಂಥದೇ ಡಬ್ಬಿ ಹಾಕಿಸಿದರು. ಕೈಬರಹದ ಚೀಟಿಯೇ ಸಾಕೆಂದಿದ್ದ ಭಾವನವರು ಮುಖ ಸಿಂಡರಿಸಿಕೊಂಡೇ ಒಪ್ಪಿದ್ದರು.

ಆ ವರ್ಷದ ವಿಜಯದಶಮಿಯ ದಿನ ಸಂಭಾಜಿನಗರದ ಹತ್ತಿರದ ವೇರೂಳಿನ ದೇವಸ್ಥಾನಕ್ಕೆ ಹೊರಟಿದ್ದ ದೇವದಾಸರು ನನ್ನನ್ನೂ ಕಾರಿನಲ್ಲಿ ಕರೆದುಕೊಂಡಿದ್ದರು. ಮೊದಲು ತಿಂಡಿಗೆಂದು ಕುಸುಮಾವತಿಯವರ ಹೋಟೆಲಿನಲ್ಲಿ ಇಳಿದೆವು. ಹಾಲ್ ಜನರಿಂದ ತುಂಬಿತ್ತು. ಅಡುಗೆಮನೆಗೆ ಮಾತ್ರ ಒಂದು ಚೀಟಿಯೂ ಇಳಿದಿರಲಿಲ್ಲ. ಸಪ್ಲಾಯರುಗಳು ಮೆಟ್ಟಿಲು ಹತ್ತಿ ಇಳಿದು ಬೆವರುತ್ತಿದ್ದರು. ಹಿಂದಿನ ದಿನ ಆಯುಧಪೂಜೆಗೆ ಎಲ್ಲವನ್ನೂ ಆರಿಸಿ, ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದ್ದರು. ಬೆಳಿಗ್ಗೆ ಮತ್ತೆ ಕರೆಂಟ್ ಕೊಟ್ಟಾಗಿನಿಂದ ಹೀಗೆಯೇ.

"ನಾನು ಹೇಳಿದ್ದಲ್ವಾ? ಆ ಶಿವಲಿಂಗನ ಡಬ್ಬಿ ಕೈ ಕೊಟ್ಟಿತು. ಪೆನ್ನು ಕೊಡಿ ಇಲ್ಲಿ" ಎಂದು ದೇವದಾಸರು ಬಹು ಉತ್ಸಾಹದಿಂದ ಚೀಟಿ ಬರೆಯಲು ಕುಳಿತರು.

ಹಬ್ಬಕ್ಕೆ ಊರಿಗೆ ಹೋಗಿದ್ದ ಶಿವಲಿಂಗ ಫೋನಿಗೆ ಸಿಗಲಿಲ್ಲ. ಕುಸುಮಾವತಿಯವರು ಮೇಜನ್ನು ಗೋಡೆಯ ಬಳಿಗೆ ಎಳೆದು ಹತ್ತಿದರು. ಡಬ್ಬಿಯ ದೀಪಗಳೆಲ್ಲ ಒಂದೇ ಸಮನೆ ಹುಚ್ಚು ಹಿಡಿದಂತೆ ಮಿಣುಕುತ್ತಿದ್ದವು. ಆರಿಸಿ ಹಾಕಿದರೆ ಒಂದು ಕ್ಷಣ ಶಾಂತ, ಮತ್ತೆ ಅದೇ ಆರ್ಭಟ.

"ಇದನ್ನು ಕಿತ್ತು ಬಿಸಾಡು ಕುಸುಮ. ಗಿರಾಕಿಗಳು ಎದ್ದು ಹೋಗ್ತಿದ್ದಾರೆ."

"ನೀವು ಚೀಟಿ ಬರೀರಿ ಭಾವ. ಇದು ಯಾರಿಗೆ ಇಷ್ಟು ಕೂಗ್ತಾ ಉಂಟು ಅಂತ ನಾನು ನೋಡದೆ ಬಿಡುವುದಿಲ್ಲ."

ಒಂದು ಕೇಬಲ್ ಕೀಳುವುದು, ದೀಪ ನೋಡುವುದು, ಶಾಂತವಾಗದಿದ್ದರೆ ಮರಳಿ ಚುಚ್ಚುವುದು. ಹಾಲ್‌ನ ಕಂಪ್ಯೂಟರಿನದು ಅಲ್ಲ. ಪ್ರಿಂಟರಿನದೂ ಅಲ್ಲ. ಇನ್ನೊಂದನ್ನು ಕಿತ್ತೊಡನೆ ದೀಪಗಳು ತಣ್ಣಗಾದವು. ಕೆಳಗಿನಿಂದ ಪ್ರಿಂಟರು ಕರಕರನೆ ಚೀಟಿ ಉಗುಳುವ ಸದ್ದು ಕೇಳಿಸಿತು.

ಅವರು ಅಷ್ಟಕ್ಕೇ ಬಿಡಲಿಲ್ಲ. ಕಿತ್ತ ಕೇಬಲನ್ನು ಕೈಯಲ್ಲಿ ಹಿಡಿದು ಅದರ ಜಾಡಿನಲ್ಲಿ ಹೋದರು. ಅದು ಹೂಮಾಲೆಯ ಹಿಂದಿನಿಂದ ಇಳಿದು, ಒಂದು ಸುತ್ತು ಹೊಡೆದು, ಅದೇ ಡಬ್ಬಿಯ ಇನ್ನೊಂದು ಕಿಂಡಿಗೆ ಬಂದಿತ್ತು! ಕುಸುಮಾವತಿಯವರು ಹಣೆ ಬಡಿದುಕೊಂಡರು. ಮೊದಲು ಅಲ್ಲಿದ್ದ ಕಂಪ್ಯೂಟರನ್ನು ತೆಗೆದಾಗ ಆ ಕೇಬಲಿನ ಒಂದು ತುದಿ ನೇತಾಡುತ್ತಿತ್ತಂತೆ. ಪೂಜೆಯ ದಿನ ಹಾಗೆ ಜೋತಾಡುವುದು ಚೆನ್ನಲ್ಲವೆಂದು, ಒರೆಸಿ, ಖಾಲಿ ಕಿಂಡಿಗೆ ಚುಚ್ಚಿದವರು ಅವರೇ.

ಕೂಗಿದ್ದು ಆ ಕೇಬಲಿನಲ್ಲಿ ಸುತ್ತಿ ಮರಳಿ ಬರುತ್ತಿತ್ತು. ಡಬ್ಬಿ ಅದನ್ನು ಹೊಸ ಮಾತೆಂದು ತಿಳಿದು ಮತ್ತೆ ಎಲ್ಲರಿಗೂ ಕೂಗುತ್ತಿತ್ತು. ಆ ಗದ್ದಲದಲ್ಲಿ ದೋಸೆಯ ಆರ್ಡರಿಗೆ ದಾರಿಯೇ ಇರಲಿಲ್ಲ.

ಸಪ್ಲಾಯರುಗಳೂ ಗಿರಾಕಿಗಳೂ ಕೇಳುವಂತೆಯೇ ಅವರು ಹೇಳಿದರು: "ಭಾವ, ಶಿವಲಿಂಗನಿಗೆ ಬೈಬೇಡಿ. ಡಬ್ಬಿಯದ್ದೂ ತಪ್ಪಿಲ್ಲ. ಯಾರು ಎಂತ ಚುಚ್ಚಿದ್ರೂ ಬೇಡ ಅನ್ನಲಿಕ್ಕೆ ಇದಕ್ಕೆ ಬರುವುದಿಲ್ಲ. ಚುಚ್ಚಿದ್ದು ನಾನು."

ದೇವದಾಸರು ಪೆನ್ನಿನ ಮುಚ್ಚಳ ಹಾಕಿದರು. "ಆಯ್ತು ಮಾರಾಯ್ತಿ. ಬರೆದು ಬರೆದು ಬೆರಳು ನೋಯ್ತಾ ಉಂಟು."

ವೇರೂಳಿನ ದಾರಿಯಲ್ಲಿ ಅವರು ನನಗೆ ಹೇಳಿದರು: "ದೀಪಾವಳಿಗೆ ಕಾಯುವುದು ಬೇಡ ಮೇಷ್ಟ್ರೇ. ಕೆಟ್ಟದ್ದನ್ನು ಹುಡುಕಿ ತೆಗೆಯುವವರು ಸಿಕ್ಕಿಯಾರು. ಗಲ್ಲೆಯಲ್ಲಿ ಕೂತು 'ಚುಚ್ಚಿದ್ದು ನಾನು' ಅನ್ನುವವರು ಎಲ್ಲಿ ಸಿಗ್ತಾರೆ?"

ಹೋಟೆಲನ್ನು ಈಗಲೂ ಕುಸುಮಾವತಿಯವರೇ ನಡೆಸುತ್ತಿದ್ದಾರೆ. ನಮ್ಮವರು ಆಸುಪಾಸಿನಲ್ಲಿ ಎಲ್ಲಿ ಹೋಟೆಲು ತೆರೆದರೂ ಶಿವಲಿಂಗನ ಜೊತೆ ಹೋಗಿ ಕೇಬಲ್ ಹಾಕಿಸುತ್ತಾರೆ. ಪ್ರತಿಯೊಂದು ಕೇಬಲಿನ ಎರಡೂ ತುದಿಗೆ ಒಂದೇ ಬಣ್ಣದ ದಾರ ಕಟ್ಟದೆ ಯಾವುದನ್ನೂ ಚುಚ್ಚಲು ಬಿಡುವುದಿಲ್ಲ. ಕೆಲಸವಿಲ್ಲದ ಕೇಬಲನ್ನು ಪೂರ್ತಿಯಾಗಿ ತೆಗೆಸುತ್ತಾರೆ. ಮೊನ್ನೆ ಫೋನು ಮಾಡಿದಾಗ ವೈಜಾಪುರದಲ್ಲಿದ್ದರು. ಅಲ್ಲಿನ ಹೊಸ ಹೋಟೆಲಿನಲ್ಲಿ ಮೇಜಿನ ಮೇಲೆ ನಿಂತಿದ್ದಾರೆಂದು ಅವರ ಫೋನೆತ್ತಿದ ಶಿವಲಿಂಗ ಹೇಳಿದ.

"ಆಮೇಲೆ ಮಾತಾಡುವ ಮೇಷ್ಟ್ರೇ" ಎಂದು ದೂರದಿಂದ ಅವರ ದನಿ ಬಂತು. "ಕೆಂಪು ದಾರದ ಕೇಬಲಿನ ಇನ್ನೊಂದು ತುದಿ ಎಲ್ಲಿ ಹೋಯಿತು ಅಂತ ಹುಡುಕ್ತಾ ಇದ್ದೇನೆ."