ನನ್ನ ರಕ್ತದಲ್ಲಿ ನಿಮ್ಮಜ್ಜನ ಗುಳಿಗೆ

ನಿಮ್ಮಜ್ಜ ತೀರಿಕೊಂಡ ಮರುವರ್ಷ ನಿಮ್ಮ ಮಮ್ಮಿ, ಅಂದರೆ ನನ್ನ ಮಗಳು, ನನ್ನ ರಕ್ತ ಕೇಳಿದಳು. ತಾನು ಕೆಲಸ ಮಾಡುವ ಮಹಾಪೆಯ ಲ್ಯಾಬಿನಲ್ಲಿ ಅವಳು ಒಂದು ಬಿಳಿ ಪುಡಿ ಮಾಡುತ್ತಿದ್ದಳು. ರಕ್ತದ ಹಳದಿ ನೀರಿನಿಂದ ಫಿಟ್ಸಿನ ಔಷಧವೊಂದನ್ನೇ ಹಿಡಿದು ತೆಗೆಯುವ ಪುಡಿ. ನಿಮ್ಮಜ್ಜ ಕೊನೆಯವರೆಗೂ ನುಂಗಿದ್ದು ಅದೇ ಔಷಧ. ಪುಡಿ ಮಾಡುವಾಗಲೇ ಅದರೊಳಗೆ ಔಷಧ ಸೇರಿಸುತ್ತಾರಂತೆ, ಗಟ್ಟಿಯಾದ ಮೇಲೆ ತೊಳೆದು ತೆಗೆಯುತ್ತಾರಂತೆ. ಹಸಿ ಮಣ್ಣಿಗೆ ಹುಣಸೆಬೀಜ ಒತ್ತಿ ಕಿತ್ತರೆ ಗುಳಿ ಉಳಿಯುವುದಿಲ್ಲವೇ, ಹಾಗೆ. ಆ ಗುಳಿಯಲ್ಲಿ ಆ ಔಷಧ ಮಾತ್ರ ಕೂಡುತ್ತದೆ, ಮಿಕ್ಕದ್ದು ಹರಿದುಹೋಗುತ್ತದೆ.

ಪರೀಕ್ಷೆಗೆ ಯಾವ ಔಷಧವನ್ನೂ ತಿನ್ನದವರ ರಕ್ತವೂ ಬೇಕಿತ್ತು. ನಾನು ತಲೆನೋವಿಗೂ ಗುಳಿಗೆ ನುಂಗುವವಳಲ್ಲ. ಅವಳ ಜೊತೆ ಹೋಗಿ, ಗುರುತಿಲ್ಲದ ಹುಡುಗಿಯ ಮುಂದೆ ನಾಚುತ್ತಲೇ ತೋಳು ಚಾಚಿದೆ.

ಕೆಲವು ದಿನ ಕಳೆದು, ಒಂದು ಸಂಜೆ ಅವಳು ಕೆಲಸ ಮುಗಿಸಿ ಕೋಪರಿಯ ನಮ್ಮ ಮನೆಗೆ ಬಂದವಳು ಚಪ್ಪಲಿ ಸಹ ಬಿಡಲಿಲ್ಲ.

“ಅವ್ವಾ, ಖರೇ ಹೇಳು. ಅಪ್ಪಾಜಿ ಗುಳಿಗಿ ತಗೊಂಡೀಯೇನು?”

“ನಾ ಯಾಕ ತಗೋಳ್ಲಿ?”

“ನಿನ್ನ ರಕ್ತದಾಗ ಬಂದದ. ಮಷೀನ್ ಸುಳ್ಳು ಹೇಳ್ತದೇನು?”

“ಹಂಗಾದ್ರ ನಾ ಹೇಳ್ತೀನೇನು? ಹೆತ್ತಾಕಿಗಿಂತ ನಿನಗ ಮಷೀನ ಹೆಚ್ಚಾತು!”

ಅವಳು ಆಡುತ್ತಿದ್ದ ನಿಮ್ಮಿಬ್ಬರ ಕಡೆ ನೋಡಿದಳು. “ನೆನಪಿಲ್ಲದಂಗ ತಗೊಂಡಿದ್ರ? ಇವರನ್ನ ನಿನ್ನ ಹತ್ರ ಹೆಂಗ ಬಿಟ್ಟು ಹೋಗ್ಲಿ ನಾನು?”

ಮರುದಿನದಿಂದ ನಿಮ್ಮನ್ನು ಕೆಳಗಿನ ಮನೆಯ ಮರಾಠಿ ಆಜಿಯ ಬಳಿ ಬಿಡತೊಡಗಿದಳು.

ಮನೆಯಲ್ಲಿ ನಾನೊಬ್ಬಳೇ. ನಿಮ್ಮಜ್ಜನ ಕಪಾಟು ತೆರೆದೆ. ಗುಳಿಗೆಯ ಪಟ್ಟಿಯಲ್ಲಿ ಕೆಲವು ಗೂಡು ಖಾಲಿ, ಬೆಳ್ಳಿ ಕಾಗದ ಹರಿದಿತ್ತು. ಅವರಿದ್ದಾಗ ಬಿಡಿಸಿದ್ದೋ, ಆಮೇಲೋ? ಇಷ್ಟು ವರ್ಷ ಚಹಾದ ಹಿಂದೆಯೇ ಗುಳಿಗೆ ಬಿಡಿಸಿ ಅವರ ಅಂಗೈಗೆ ಇಡುತ್ತಿದ್ದವಳು ನಾನೇ. ಈ ಕೈ ಈಗಲೂ ನನಗೆ ಹೇಳದೆ ಬಿಡಿಸುತ್ತಿದ್ದರೆ, ಯಾರ ಬಾಯಿಗೆ ಹಾಕುತ್ತಿದೆ? ನಾಲಿಗೆ ಕಹಿಯಾಯಿತು. ರೊಟ್ಟಿ ತಟ್ಟುವಾಗಲೂ ಬೇರೆಯವರ ಕೈ ಕಾಯುವಂತೆ ನನ್ನ ಕೈಯನ್ನೇ ಕಾಯುತ್ತಿದ್ದೆ.

ಆಮೇಲೊಂದು ಮಧ್ಯಾಹ್ನ ಅವಳ ಫೋನ್ ಬಂತು.

“ಅವ್ವಾ, ರಕ್ತ ಹಾಕಲಾರದ ಬರೀ ನೀರು ಹಾಕಿ ನೋಡಿದೆ. ನೀರಾಗೂ ಬಂತು!”

ತಯಾರಿಸುವಾಗ ಸೇರಿಸಿದ್ದ ಔಷಧ, ಎಷ್ಟು ತೊಳೆದರೂ ಪೂರ್ತಿ ಹೋಗದೆ, ಪುಡಿಯೊಳಗಿಂದ ಒಸರುತ್ತಿತ್ತಂತೆ. ನನ್ನ ರಕ್ತದಲ್ಲಿ ಏನೂ ಇರಲಿಲ್ಲ.

“ಹಂಗಾದ್ರ ನೀರೂ ಕದ್ದು ಗುಳಿಗಿ ತಿಂದಿತ್ತೇನವಾ?” ಎಂದೆ.

“ಸಾರಿ ಅವ್ವಾ,” ಎಂದವಳ ದನಿಯಲ್ಲಿ ಅಳುವೋ ನಗುವೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ನಿಮ್ಮನ್ನು ನನ್ನ ಬಳಿಯೇ ಬಿಟ್ಟು, ಏನೂ ಕೇಳದೆ, ಟ್ರೇನಿಗೆ ಓಡಿದಳು. ನೀವಿಬ್ಬರೂ ಹಾಲು ಕೇಳಿದಿರಿ. ಲೋಟ ಕೊಡುವ ಮೊದಲು, ಕಹಿಯಿದೆಯೇ ಎಂದು, ನಾನೇ ಒಂದೊಂದು ಗುಟುಕು ಕುಡಿದು ನೋಡಿದೆ. ಅಜ್ಜಿ ನಮ್ಮ ಹಾಲು ಕದ್ದಳು ಎಂದು ನೀವು ನಕ್ಕಿರಿ.