ನೆರಳಿಲ್ಲದ ಮಾವ

“ಅಮ್ಮಾ, ಫೋಟೋ ಅತ್ತೆ ಮದುವೆ ಆಗೋ ಮಾವನಿಗೆ ನೆರಳೇ ಇಲ್ವಾ?”

ಪುಟ್ಟಿ ಹೀಗೆ ಕೇಳಿದ್ದು ಪಕ್ಕದ ಮನೆಯ ಫೋಟೋ ಅತ್ತೆಯ ಮೇಜಿನ ಮೇಲೆ ಹರಡಿದ್ದ ಹನ್ನೆರಡು ಚಿತ್ರಗಳನ್ನು ನೋಡಿ. ಅಮ್ಮ ಅವಳ ಬಾಯಿ ಮುಚ್ಚಿಸಲು ಹೋದಳು. ಫೋಟೋ ಅತ್ತೆ ತಲೆಯ ಮೇಲೆ ಕೈಹೊತ್ತು, “ಬಿಡೇ, ವೀಸಾ ಕಚೇರಿಯವರು ಕೇಳಿರೋದೂ ಅದನ್ನೇ” ಎಂದಳು.

ಅವಳು ಬೀದಿ ಕೊನೆಯ ಸ್ಟುಡಿಯೋದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪಾಸ್‌ಪೋರ್ಟ್ ಫೋಟೋ ತೆಗೆಯುವವಳು. ಸುತ್ತಲಿನ ನಾಲ್ಕು ಬೀದಿಗಳಲ್ಲಿ ಯಾರು ವಿಮಾನ ಹತ್ತಬೇಕಾದರೂ ಮೊದಲು ಅವಳ ಬಿಳಿ ಪರದೆಯ ಮುಂದಿನ ಸ್ಟೂಲು ಹತ್ತಬೇಕು. ಗಲ್ಲ ಹಿಡಿದು ನೆಟ್ಟಗೆ ಮಾಡುವಳು, ಕಿವಿ ಮೇಲಿನ ಕೂದಲು ಸರಿಸುವಳು, ಆಮೇಲೆ ಕಂಪ್ಯೂಟರಿನಲ್ಲಿ ತಲೆಯ ಹಿಂದಿನ ನೆರಳನ್ನು ಒರೆಸಿಹಾಕುವಳು. ಅವಳು ತೆಗೆದ ಒಂದೇ ಒಂದು ಫೋಟೋ ವಾಪಸ್ ಬಂದದ್ದಿಲ್ಲ. ಅದರ ಜಂಬವೂ ಸ್ವಲ್ಪ ಇತ್ತು.

ಗಂಡು ಸಿಕ್ಕಿದ್ದೂ ಆ ಸ್ಟೂಲಿನ ಮೇಲೆಯೇ. ಎರಡು ವರ್ಷದ ಕೆಲಸಕ್ಕೆಂದು ಬಂದಿದ್ದ ಪರದೇಶದ ಲಿಫ್ಟ್ ಮೆಕ್ಯಾನಿಕ್. ನಗಬೇಡಿ ಎಂದಷ್ಟೂ ನಗುತ್ತಿದ್ದ. ಒಂಬತ್ತನೆಯ ಸಲಕ್ಕೆ ಅವಳಿಗೂ ನಗು ತಡೆಯಲಾಗಲಿಲ್ಲ. ನಲವತ್ತೊಂದು ತುಂಬಿದವಳಿಗೆ ಇನ್ನೆಲ್ಲಿಯ ಮದುವೆ ಎಂದು ಕೈಚೆಲ್ಲಿ ಕೂತಿದ್ದ ಅಣ್ಣ, “ಅಂತೂ ನಿನ್ನ ಕ್ಯಾಮೆರಾಗೆ ಒಬ್ಬ ಬಿದ್ದ ಬಿಡು” ಎಂದು ಛೇಡಿಸಿದ.

ಕೆಲಸ ಮುಗಿದು ಅವನು ತನ್ನ ದೇಶಕ್ಕೆ ಮರಳಿದ. ಅಲ್ಲಿಗೆ ಹೋಗಿ ಅವನನ್ನು ಮದುವೆಯಾಗಲು ಅವಳಿಗೆ ವೀಸಾ ಬೇಕು. ವೀಸಾಕ್ಕೆ ಇಬ್ಬರೂ ಜೊತೆಗಿದ್ದ ಚಿತ್ರಗಳು ಬೇಕು. ಬೇಕಾದಷ್ಟು ಇದ್ದವು, ಎಲ್ಲ ಅವಳ ಕ್ಯಾಮೆರಾದಲ್ಲೇ ತೆಗೆದವು. ಅರ್ಜಿಗೆ ಲಗತ್ತಿಸುವ ಮುನ್ನ ಅವಳ ಕೈ ಸುಮ್ಮನಿರಬೇಕಲ್ಲ. ಪಾರ್ಕಿನ ಬೆಂಚು, ಬಸ್ ನಿಲ್ದಾಣ, ಅಣ್ಣನ ಮನೆಯ ಮೆಟ್ಟಿಲು, ಎಲ್ಲ ಕಡೆಯೂ ನೆರಳು ಒರೆಸಿದಳು, ವಾಲಿದ ಕತ್ತು ನೆಟ್ಟಗೆ ಮಾಡಿದಳು, ಹಳೆಯವುಗಳ ಮೇಲೆಯೇ ಸೇವ್ ಮಾಡಿಬಿಟ್ಟಳು; ತಿದ್ದದ ಮೂಲ ಒಂದೂ ಉಳಿಯಲಿಲ್ಲ. ಈಗ ಪತ್ರ ಬಂದಿದೆ: ಚಿತ್ರಗಳು ಅಂಟಿಸಿದಂತೆ ಕಾಣುತ್ತವೆ, ತಿದ್ದದೆ ಇರುವ ಒಂದನ್ನಾದರೂ ಕಳಿಸದಿದ್ದರೆ ಅರ್ಜಿ ತಿರಸ್ಕಾರ. ಉಳಿದಿರುವುದು ಮೂರೇ ದಿನ.

“ಊರಿಗೆಲ್ಲ ವೀಸಾ ಕೊಡಿಸಿದ ಕೈ ಇದು,” ಅವಳು ತನ್ನ ಬೆರಳುಗಳನ್ನೇ ದಿಟ್ಟಿಸಿದಳು. “ನನ್ನ ಮದುವೆಗೇ ಕಲ್ಲು ಹಾಕ್ತು ನೋಡು.”

ಪುಟ್ಟಿಯ ಅಮ್ಮ ತನ್ನ ಫೋನಿನಲ್ಲಿ ಹುಡುಕತೊಡಗಿದಳು. ಹೋದ ವರ್ಷ ಪುಟ್ಟಿಯ ಹುಟ್ಟುಹಬ್ಬದಂದು ಅವಳೇ ತೆಗೆದ ಒಂದು ಚಿತ್ರ ಸಿಕ್ಕಿತು. ಮೂಲೆಯಲ್ಲಿ ಪುಟ್ಟಿಯ ಹೆಬ್ಬೆರಳು. ಅವನ ಕಣ್ಣು ಅರ್ಧ ಮುಚ್ಚಿದೆ, ಗಲ್ಲಕ್ಕೆಲ್ಲ ಕೇಕಿನ ಕೆನೆ. ಕೆದರಿದ ತಲೆಯ ಫೋಟೋ ಅತ್ತೆ ಬಾಯಿತುಂಬ ನಗುತ್ತ ಅದನ್ನು ಒರೆಸಲು ಕೈಚಾಚಿದ್ದಾಳೆ. ಹಿಂದಿನ ಗೋಡೆಯ ಮೇಲೆ ಇಬ್ಬರ ನೆರಳೂ ಸೇರಿ ಒಂದೇ ಮುದ್ದೆ.

ಫೋಟೋ ಅತ್ತೆ ಕಣ್ಣು ಕೀಳದೆ ನೋಡಿದಳು. ಬೆರಳು ತಾನಾಗಿಯೇ ಫೋನಿನತ್ತ ಹೋಯಿತು. “ಆ ಕೆನೆ ಒಂದನ್ನ ತೆಗೆದ್ರೆ...” ಎಂದವಳು ತಟ್ಟನೆ ಕೈ ಹಿಂದೆಗೆದು ಕಂಕುಳಲ್ಲಿ ಅವುಚಿಕೊಂಡಳು.

“ನನಗೊಂದು ಉಪಕಾರ ಮಾಡೇ. ಇದನ್ನ ನನಗೆ ಕಳಿಸಲೇಬೇಡ. ನಾನಿಲ್ಲಿ ಕೂತಿರುವಾಗಲೇ ನೀನೇ ಆ ಕಚೇರಿಗೆ ಕಳಿಸಿಬಿಡು. ಕಳಿಸಿ ಮುಗಿಯೋವರೆಗೂ ಪುಟ್ಟಿ ನನ್ನ ಎರಡೂ ಕೈ ಗಟ್ಟಿಯಾಗಿ ಹಿಡ್ಕೊಂಡಿರಲಿ.”